ಪುಲಿಕೇಶಿಯ ಹೆಸರಲ್ಲೊಂದು ಬಲೆ, ಒಂದು ಮನೆ

ಚೊಳಚಗುಡ್ಡದಿಂದ ಮಲಪ್ರಭೆಯ ಕಡೆಗೆ ಇಳಿಯುವ ದಾರಿಯಲ್ಲಿ, ಒಂದು ಹೊಲದ ಬದುವಿನ ಮೇಲೆ ಕಲ್ಲೊಂದನ್ನು ನೆಟ್ಟಿದ್ದಾರೆ. ಅದರ ನೆತ್ತಿಯಲ್ಲಿ ದುಂಡನೆಯ ಸೂರ್ಯ, ಪಕ್ಕದಲ್ಲಿ ಕುಡಗೋಲಿನಂತೆ ಬಾಗಿದ ಚಂದ್ರ. ಕೆಳಗೆ ಏಳೆಂಟು ಸಾಲು ಅಕ್ಷರ. ಚಿಕ್ಕವಳಿದ್ದಾಗ ಹೊಲಕ್ಕೆ ಬುತ್ತಿ ಒಯ್ಯುವ ಆಯಿಯ ಬೆನ್ನು ಹತ್ತಿ ಹೋಗುತ್ತಿದ್ದೆ. ಒಮ್ಮೆ 'ಇದರಾಗ ಏನ್ ಬರದಾರ ಆಯಿ?' ಎಂದು ಕೇಳಿದೆ. ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದ ಆಯಿ ಒಂದಿಷ್ಟೂ ತಡವರಿಸಲಿಲ್ಲ. 'ಸೂರ್ಯ ಚಂದ್ರ ಇರೂತನಕ ಈ ಭೂಮಿ ದೇವರದು ಅಂತ ಬರದಾರ ಯವ್ವಾ, ಯಾರೂ ಮುಟ್ಟಬಾರದು' ಎಂದಳು.

ಆಯಿ ಹೇಳಿದ್ದು ಸರಿಯೇ ಆಗಿತ್ತು. ದಾನಶಾಸನಗಳಲ್ಲಿ 'ಆಚಂದ್ರಾರ್ಕ' ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಚಂದ್ರಸೂರ್ಯರಿರುವವರೆಗೂ ಈ ದತ್ತಿ ನಡೆಯಲಿ ಎಂಬುದು ಅದರ ಅರ್ಥ. ಓದು ಬಾರದವರಿಗೂ ತಿಳಿಯುವಂತೆ ಅದೇ ಮಾತನ್ನು ಕಲ್ಲುಕುಟಿಗ ನೆತ್ತಿಯ ಮೇಲೆ ಚಿತ್ರವಾಗಿ ಕೊರೆದಿರುತ್ತಾನೆ. ಅಂದರೆ ಅಕ್ಷರ ಕಲಿಯದ ಆಯಿ ಆ ಕಲ್ಲಿನ ಅರ್ಧವನ್ನು ಓದಿದ್ದಳು. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಪಡೆದು, ದಿನಕ್ಕೆ ನಾಲ್ಕು ಕಾಲಂ ಕನ್ನಡ ಬರೆಯುವ ನನಗೆ ಉಳಿದರ್ಧ, ಅಂದರೆ ಕನ್ನಡದ್ದೇ ಆದ ಆ ಸಾಲುಗಳು, ಇಂದಿಗೂ ಓದಲು ಬರುವುದಿಲ್ಲ.

ಆಯಿ ಸೂರ್ಯಚಂದ್ರರನ್ನು ಓದಿದ ಹಾಗೆಯೇ ಒಂದು ಇಡೀ ದೇಶ ಬೆಳಗಿನ ಪತ್ರಿಕೆ ಓದುತ್ತದೆ ಎಂದರೆ ನಂಬುತ್ತೀರಾ? ಆ ದೇಶ ಜಪಾನ್. ಅಲ್ಲಿ ಬಳಸುವ ಅರ್ಥಸೂಚಕ ಅಕ್ಷರಗಳಿಗೆ ಕಾಂಜಿ ಎಂದು ಹೆಸರು. ಇದು ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಗೆದ್ದ ಕಂಚಿಯಲ್ಲ, ಜ್ವರ ಬಂದಾಗ ಕುಡಿಯುವ ಗಂಜಿಯೂ ಅಲ್ಲ. 'ಕಾನ್' ಎಂದರೆ ಚೀನದ ಹಾನ್ ಜನ, 'ಜಿ' ಎಂದರೆ ಅಕ್ಷರ. ಹಾನರ ಅಕ್ಷರವೇ ಕಾಂಜಿ. ಈ 'ಜಿ'ಯನ್ನು ಬರೆಯುವ ಬಗೆಯೂ ಸೊಗಸಾಗಿದೆ: ಒಂದು ಸೂರು, ಅದರ ಕೆಳಗೆ ಒಂದು ಮಗು. ಮನೆಯಲ್ಲಿ ಮಕ್ಕಳು ಹುಟ್ಟಿ ಬೆಳೆಯುವಂತೆ ಒಂದು ಅಕ್ಷರದಿಂದ ಇನ್ನೊಂದು ಹುಟ್ಟುತ್ತ ಹೋಗುತ್ತದೆ ಎಂದು ಚೀನದ ಹಳೆಯ ವಿದ್ವಾಂಸರು ಇದನ್ನು ವಿವರಿಸಿದರು.

ಹೇಗೆ ಹುಟ್ಟುತ್ತದೆ ಎಂಬುದನ್ನು ಓದುಗರು ಬೆರಳಿನಿಂದ ಅಂಗೈ ಮೇಲೆ ಬರೆದು ನೋಡಬಹುದು. ಒಂದು ನೆಟ್ಟನೆಯ ಗೆರೆ ಎಳೆಯಿರಿ. ಅದರ ಮೇಲ್ಭಾಗದಲ್ಲಿ ಒಂದು ಅಡ್ಡಗೆರೆ. ಎರಡೂ ಕೂಡಿದಲ್ಲಿಂದ ಎಡಕ್ಕೊಂದು ಬಲಕ್ಕೊಂದು ಓರೆಗೆರೆ ಇಳಿಸಿ. ಇದು ಮರ. ಅದರ ಬುಡಕ್ಕೆ ಸಣ್ಣದೊಂದು ಅಡ್ಡಗೆರೆ ಹಾಕಿದರೆ ಬೇರು, ಅಂದರೆ ಮೂಲ. ಮರದ ಮಗ್ಗುಲಿಗೆ ಮನುಷ್ಯನ ಗುರುತು ಬರೆದರೆ ವಿಶ್ರಾಂತಿ. ಬನಶಂಕರಿ ಜಾತ್ರೆಗೆ ಬಂದು ಮರಕ್ಕೆ ಒರಗಿ ಕೂತವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದರ ಪಕ್ಕ ಇನ್ನೊಂದು ಮರ ಬರೆದರೆ ತೋಪು. ಮೂರು ಮರ ಬರೆದರೆ ಅಡವಿ. ನಮ್ಮೂರಿನ ದೇವಿಯ ಹೆಸರಿನಲ್ಲಿರುವ 'ಬನ'ವನ್ನು ಜಪಾನೀಯರು ಹೀಗೆ ಮರ ಕೂಡಿಸಿಯೇ ಬರೆಯುತ್ತಾರೆ.

ಸೂರ್ಯನ ಅಕ್ಷರ ಮೊದಲು ದುಂಡಗಿದ್ದು ನಡುವೆ ಒಂದು ಚುಕ್ಕೆಯಿತ್ತು. ಬರೆಯುವವರ ಕೈಗೆ ಸಿಕ್ಕಿ ಅದು ಚೌಕಟ್ಟಾಯಿತು, ಚುಕ್ಕೆ ಅಡ್ಡಗೆರೆಯಾಯಿತು. ಸೂರ್ಯನ ಅಕ್ಷರಕ್ಕೆ 'ದಿನ' ಎಂಬ ಅರ್ಥವೂ ಉಂಟು. ಚಂದ್ರನ ಅಕ್ಷರವೇ 'ತಿಂಗಳು'. ಇದು ನಮಗೆ ಸೋಜಿಗವಾಗಬೇಕಿಲ್ಲ, ಕನ್ನಡದಲ್ಲೂ ತಿಂಗಳೆಂದರೆ ಚಂದ್ರನೂ ಹೌದು, ಮೂವತ್ತು ದಿನವೂ ಹೌದು. ಸೂರ್ಯ ಮತ್ತು ಬೇರು ಸೇರಿದರೆ ಸೂರ್ಯನ ಮೂಲ. ಅದೇ ನಿಪ್ಪೊನ್, ಜಪಾನೀಯರು ತಮ್ಮ ದೇಶಕ್ಕೆ ಇಟ್ಟುಕೊಂಡ ಹೆಸರು. ಸೂರ್ಯನ ಪಕ್ಕ ಚಂದ್ರನನ್ನು ಬರೆದರೆ 'ಬೆಳಕು'. ನಮ್ಮ ಹೊಲದ ಕಲ್ಲಿನ ಮೇಲಿರುವುದೂ ಇದೇ ಜೋಡಿ. ಅಲ್ಲಿ ಬೆಳಕು, ಇಲ್ಲಿ ಶಾಶ್ವತ.

ಇಂಥ ಅಕ್ಷರಕ್ಕೂ ನಮ್ಮ ಅಕ್ಷರಕ್ಕೂ ಇರುವ ವ್ಯತ್ಯಾಸ ತಿಳಿಯಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲನ್ನು ನೋಡಿದರೆ ಸಾಕು. ಅದರ ಮೇಲಿನ 5 ಎಂಬ ಅಂಕಿಯನ್ನು ನಾವು 'ಐದು' ಎನ್ನುತ್ತೇವೆ. ಸೊಲ್ಲಾಪುರದ ಲಾರಿ ಚಾಲಕ 'ಪಾಚ್' ಎನ್ನುತ್ತಾನೆ. ಕರ್ನೂಲಿನವನು 'ಐದು' ಎಂದರೂ ಅವನದು ತೆಲುಗು. ಬಾಯಿ ಬೇರೆಯಾದರೂ ಅರ್ಥ ಒಂದೇ. 'ಐದು' ಎಂದು ಅಕ್ಷರದಲ್ಲಿ ಬರೆದಿದ್ದರೆ ಸೊಲ್ಲಾಪುರದವನು ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳಬೇಕಾಗುತ್ತಿತ್ತು. ಅಂಕಿ ಅರ್ಥವನ್ನು ಹಿಡಿದಿಡುತ್ತದೆ, ಅಕ್ಷರ ಉಲಿಯನ್ನು ಹಿಡಿದಿಡುತ್ತದೆ. ಕಾಂಜಿಯೆಂದರೆ ಇಡೀ ಭಾಷೆಯನ್ನೇ ಅಂಕಿಯಂತೆ ಬರೆಯುವ ಸಾಹಸ.

ಹಾಗಾಗಿಯೇ ಒಂದೊಂದು ಕಾಂಜಿಗೆ ಎರಡೆರಡು ಓದು. ಬೆಟ್ಟದ ಅಕ್ಷರ ಒಂಟಿಯಾಗಿದ್ದಾಗ ಅಚ್ಚ ಜಪಾನಿಯಲ್ಲಿ 'ಯಾಮಾ'. ಸಮಾಸದಲ್ಲಿ ಬಂದಾಗ ಬಹುಮಟ್ಟಿಗೆ ಚೀನದಿಂದ ಬಂದ 'ಸಾನ್'. ನಮ್ಮಲ್ಲೂ ಇಂಥ ಪದ್ಧತಿ ಇದ್ದಿದ್ದರೆ ಒಂದೇ ಚಿಹ್ನೆಯನ್ನು ಚೊಳಚಗುಡ್ಡದಲ್ಲಿ 'ಗುಡ್ಡ' ಎಂದೂ ಬ್ರಹ್ಮಗಿರಿಯಲ್ಲಿ 'ಗಿರಿ' ಎಂದೂ ಓದಬೇಕಾಗುತ್ತಿತ್ತು. ಕನ್ನಡ ಮೇಷ್ಟ್ರು ತತ್ಸಮ, ತದ್ಭವ, ದೇಶ್ಯ ಎಂದು ವಿಂಗಡಿಸುವಾಗ ಬೇಸರಪಟ್ಟವರು ಜಪಾನಿನ ಮಕ್ಕಳನ್ನು ನೆನೆಯಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಎಲ್ಲ ಕಾಂಜಿಗಳೂ ಚಿತ್ರಗಳಲ್ಲ. ಹಾಗೆಂದು ತಿಳಿದವರೇ ಹೆಚ್ಚು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು ಕೊಟ್ಟರೆ ಇನ್ನೊಂದು ಭಾಗ ಉಲಿಯ ಸುಳಿವು ಕೊಡುತ್ತದೆ. ಬೌದ್ಧ ಮಂದಿರಕ್ಕೂ 'ಜಿ' ಎನ್ನುತ್ತಾರೆ. ಅದರ ಅಕ್ಷರ ಬೇರೆ. ಆ ಮಂದಿರದ ಅಕ್ಷರಕ್ಕೆ ಸೂರ್ಯನನ್ನು ಸೇರಿಸಿದರೆ 'ಕಾಲ', ಕೈಯನ್ನು ಸೇರಿಸಿದರೆ 'ಹಿಡಿ', ಮನುಷ್ಯನನ್ನು ಸೇರಿಸಿದರೆ 'ಸಮುರಾಯ್'. ಮೂರರ ಚೀನೀ ಓದೂ 'ಜಿ'ಯೇ. ಮಂದಿರ ಅಲ್ಲಿ ಮುಖ್ಯವಾಗಿ ಉಲಿಗಾಗಿ ನಿಂತಿದೆ. ಸಮುರಾಯ್ ಎಂದರೆ ಗುಡಿ ಕಾಯುವವನು ಎಂದು ಯಾರಾದರೂ ಕಥೆ ಕಟ್ಟಿದರೆ ನಂಬಬೇಡಿ.

ಕಥೆ ಕಟ್ಟುವುದೂ ಹೊಸದಲ್ಲ. ಚೀನದ ಷು ಶೆನ್ ಎಂಬ ಪಂಡಿತ ಕ್ರಿ.ಶ. 100ರಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿದ ಅಕ್ಷರಗಳನ್ನು ಬಿಡಿಸಿ ನಿಘಂಟು ಬರೆದ. 'ಪೂರ್ವ' ಎಂಬ ಅಕ್ಷರವನ್ನು ಆತ ಮರದ ಹಿಂದೆ ಮೂಡುತ್ತಿರುವ ಸೂರ್ಯ ಎಂದು ವಿವರಿಸಿದ. ಎಷ್ಟು ಚಂದದ ಮಾತು! ನೂರಾರು ವರ್ಷ ಜನ ಅದನ್ನೇ ನಂಬಿದರು. ಆದರೆ 1899ರಲ್ಲಿ ಔಷಧಕ್ಕೆಂದು ಮಾರುತ್ತಿದ್ದ ಹಳೆಯ ಎಲುಬುಗಳ ಮೇಲೆ ಅಕ್ಷರಗಳಿರುವುದು ವಿದ್ವಾಂಸರ ಕಣ್ಣಿಗೆ ಬಿತ್ತು. ಅವು ಆನ್ಯಾಂಗ್ ಪ್ರದೇಶದ್ದು. ಮೂರು ಸಾವಿರ ವರ್ಷಗಳಿಗೂ ಹಿಂದೆ ಷಾಂಗ್ ಅರಸರು ಶಕುನ ಕೇಳಲು ಕೊರೆಸಿದ ಎತ್ತಿನ ಮೂಳೆ, ಆಮೆಯ ಚಿಪ್ಪುಗಳು. ಆ ಮೂಳೆಗಳ ಮೇಲೆ 'ಪೂರ್ವ' ಎಂಬುದು ಎರಡೂ ತುದಿ ಕಟ್ಟಿದ ಒಂದು ಚೀಲದಂತೆ ಕಾಣುತ್ತದೆ. ಚೀಲದ ಅಕ್ಷರವನ್ನು ಕೇವಲ ಉಲಿಯ ಹೋಲಿಕೆಯಿಂದ ಪೂರ್ವ ದಿಕ್ಕಿಗೆ ಎರವಲು ಪಡೆದಿದ್ದರು ಎಂದು ಈಗಿನವರು ಹೇಳುತ್ತಾರೆ. 'ಬೆಳಕು' ಎಂಬುದರಲ್ಲೂ ಕೆಲವು ಹಳೆಯ ರೂಪಗಳಲ್ಲಿ ಇರುವುದು ಸೂರ್ಯನಲ್ಲ, ಕಿಟಕಿ. ಕಿಟಕಿಯಿಂದ ಬಿದ್ದ ಬೆಳದಿಂಗಳು ಎಂದಾದರೆ ಅದೂ ಚೆನ್ನವೇ. ಊರ ಹೆಸರುಗಳಿಗೆ ಸ್ಥಳಪುರಾಣ ಹೊಸೆಯುವ ನಮಗೆ ಷು ಶೆನ್ ಪಂಡಿತನನ್ನು ಕಂಡರೆ ಪ್ರೀತಿಯೇ ಹುಟ್ಟಬೇಕು.

ಈಗ ಬಾದಾಮಿಗೆ ಬರೋಣ. ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಸುಮಾರು 641ರಲ್ಲಿ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 646ರಲ್ಲಿ ಮುಗಿದ ಅವನ ಪ್ರವಾಸಗ್ರಂಥದಲ್ಲಿ ನಮ್ಮ ದೊರೆಯ ಹೆಸರಿದೆ. ಅರ್ಥಸೂಚಕ ಅಕ್ಷರಗಳಲ್ಲಿ 'ಪುಲಿಕೇಶಿ' ಎಂದು ಬರೆಯುವುದು ಹೇಗೆ? ಅವನು ನಾಲ್ಕು ಅಕ್ಷರ ಆರಿಸಿಕೊಂಡ. ಬಿಡಿಬಿಡಿಯಾಗಿ ಅರ್ಥ ಮಾಡಿದರೆ ಮೊದಲನೆಯದು 'ದುರಸ್ತಿ', ಎರಡನೆಯದು 'ಬಲೆ', ಮೂರನೆಯದು 'ಪರಿಶೀಲನೆ', ನಾಲ್ಕನೆಯದು 'ಮನೆ'. ಒಟ್ಟಿಗೆ ಉಚ್ಚರಿಸಿದರೆ 'ಪು-ಲೊ-ಕಿ-ಶೆ'. ಹರ್ಷವರ್ಧನನನ್ನು ತಡೆದ ಚಕ್ರವರ್ತಿ ಚೀನೀ ಓದುಗನ ಕಣ್ಣಿಗೆ ಬಲೆಯೂ ಮನೆಯೂ ಆಗಿ ಬಿದ್ದ. ಅರ್ಥವನ್ನು ಪಕ್ಕಕ್ಕಿಟ್ಟು ಉಲಿಯನ್ನಷ್ಟೇ ತೆಗೆದುಕೊಳ್ಳಬೇಕೆಂದು ಓದುವವನಿಗೆ ಗೊತ್ತಿರಬೇಕು, ಅಷ್ಟೆ.

ಜಪಾನೀಯರು ತಮ್ಮ ಇಡೀ ಭಾಷೆಗೆ ಮಾಡಿದ್ದು ಈ ಉಪಾಯವನ್ನೇ. ಅವರಿಗೆ ಸ್ವಂತ ಲಿಪಿ ಇರಲಿಲ್ಲ. ಸೈತಾಮಾ ಪ್ರಾಂತದ ಇನಾರಿಯಾಮಾ ಎಂಬ ಸಮಾಧಿ ದಿಬ್ಬದಲ್ಲಿ 1968ರಲ್ಲಿ ಒಂದು ತುಕ್ಕು ಹಿಡಿದ ಕತ್ತಿ ಸಿಕ್ಕಿತು. 1978ರಲ್ಲಿ ಎಕ್ಸ್-ರೇ ಹಿಡಿದಾಗ ಅದರೊಳಗೆ ಬಂಗಾರದ 115 ಅಕ್ಷರಗಳು ಹೊಳೆದವು. ಕಾಲ 471 ಎಂದು ಬಹುತೇಕರು ಒಪ್ಪುತ್ತಾರೆ. ನಮ್ಮ ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಹೇಳುವ ಕಾಲ ಸುಮಾರು 450, ಹೆಚ್ಚುಕಡಿಮೆ ಓರಗೆಯವು. ಆ ಕತ್ತಿಯ ಮೇಲೆ ಜಪಾನಿ ದೊರೆಯ ಹೆಸರನ್ನು ಪುಲಿಕೇಶಿಯ ಹೆಸರಿನಂತೆಯೇ ಉಲಿಗೆ ಉಲಿ ಹೊಂದಿಸಿ ಬರೆದಿದ್ದಾರೆ. ಮುಂದೆ ಅಂಥ ಅಕ್ಷರಗಳನ್ನೇ ಬೇಗ ಬೇಗ ಬರೆದು, ಸವೆಸಿ, ಒಂದೊಂದು ಉಲಿಗೆ ಒಂದೊಂದು ಎಂಬಂತೆ 'ಕನ' ಎಂಬ ಲಿಪಿ ಮಾಡಿಕೊಂಡರು. ಸೂರಿನ ಕೆಳಗೆ ಒಬ್ಬ ಹೆಂಗಸನ್ನು ಬರೆದರೆ 'ನೆಮ್ಮದಿ' ಎಂಬ ಕಾಂಜಿ. (ಯಾರ ನೆಮ್ಮದಿ ಎಂದು ಅಕ್ಷರ ಹೇಳುವುದಿಲ್ಲ.) ಅದರ ಓದು 'ಆನ್'. ಆ ಅಕ್ಷರವೇ ಸವೆದು ಇಂದು 'ಅ' ಆಗಿದೆ. ಈ ಸುಲಭ ಲಿಪಿಗೆ 'ಹೆಂಗಸರ ಕೈಬರಹ' ಎಂದು ಹೆಸರಿಟ್ಟು ಗಂಡಸರು ಕಾಂಜಿಗೆ ಅಂಟಿಕೊಂಡರು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಮುರಾಸಾಕಿ ಶಿಕಿಬು ಎಂಬ ಹೆಂಗಸು ಅದೇ ಲಿಪಿಯಲ್ಲಿ 'ಗೆಂಜಿ ಕಥೆ' ಬರೆದು ಜಗತ್ತಿನ ಸಾಹಿತ್ಯಕ್ಕೆ ಸೇರಿಸಿದಳು.

ಕನವನ್ನು ಇಂದು ಜಪಾನಿನ ಮಗು ಯಾವ ಕ್ರಮದಲ್ಲಿ ಬಾಯಿಪಾಠ ಮಾಡುತ್ತದೆ ಗೊತ್ತೇ? ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸ್ವರ ಮೊದಲು, ಆಮೇಲೆ ಗಂಟಲಿನಿಂದ ತುಟಿಯತ್ತ ಬರುವ ವ್ಯಂಜನಗಳು, ಕೊನೆಗೆ ಯ ರ ವ. ಇದು ನಮ್ಮ ವರ್ಣಮಾಲೆ. ಬೌದ್ಧ ಮಂತ್ರಗಳಿಗಾಗಿ ಸಂಸ್ಕೃತ ಕಲಿತ ಭಿಕ್ಷುಗಳ ಮೂಲಕ ಅದು ಅಲ್ಲಿಗೆ ಹೋಯಿತು. 'ನ' ಮತ್ತು 'ಮ'ಗಳ ನಡುವೆ 'ಪ' ಇರಬೇಕಾದಲ್ಲಿ 'ಹ' ಯಾಕೆ ಬಂತು ಎಂದು ಕೇಳಬಹುದು. ಅಲ್ಲೂ ಮೊದಲಿಗೆ 'ಪ'ವೇ ಇತ್ತು. ಹೂವಿಗೆ ಈಗ 'ಹಾನಾ' ಎನ್ನುವವರು ಹಿಂದೆ 'ಪಾನಾ' ಎನ್ನುತ್ತಿದ್ದರೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪೂ ಹೋಗಿ ಹೂ ಆದ, ಪಾಲು ಹೋಗಿ ಹಾಲು ಆದ ಕನ್ನಡದವರಿಗಲ್ಲದೆ ಇದರ ಸ್ವಾರಸ್ಯ ಇನ್ನಾರಿಗೆ ಹತ್ತೀತು?

ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು 736ರಲ್ಲಿ ಜಪಾನ್ ಮುಟ್ಟಿದ. 752ರಲ್ಲಿ ನಾರಾ ಪಟ್ಟಣದ ತೊದಾಯ್‌ಜಿ ಮಂದಿರದ ಮಹಾಬುದ್ಧನಿಗೆ ಕುಂಚದಿಂದ ಕಣ್ಣು ಬರೆದು ದೃಷ್ಟಿ ಕೊಟ್ಟವನು ಅವನೇ. ಆ ಕುಂಚವನ್ನು ನಾರಾದ ಶೊಸೊಇನ್ ಭಂಡಾರದಲ್ಲಿ ಇಂದಿಗೂ ಕಾಪಾಡಿದ್ದಾರೆ. ಇದಾದ ಎರಡೇ ವರ್ಷಕ್ಕೆ, 754ರಲ್ಲಿ, ಚೊಳಚಗುಡ್ಡ ದಾಟಿದ ಮಲಪ್ರಭೆ ಮುಂದೆ ಉತ್ತರಕ್ಕೆ ತಿರುಗುವ ಪಟ್ಟದಕಲ್ಲಿನಲ್ಲಿ ಒಂದು ಕಲ್ಲಿನ ಕಂಬ ಎದ್ದಿತು. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲ. ಗಂಗಾನದಿಯ ಉತ್ತರ ದಡದ ಸೀಮೆಯಿಂದ ಬಂದ ಜ್ಞಾನಶಿವ ಎಂಬ ಶೈವ ಆಚಾರ್ಯ ಅದನ್ನು ನಿಲ್ಲಿಸಿದ. ಕಂಬದ ಮೇಲೆ ಒಂದೇ ಸಂಸ್ಕೃತ ಪಾಠವನ್ನು ಎರಡು ಸಲ ಕೊರೆದಿದ್ದಾರೆ: ಒಮ್ಮೆ ಇಲ್ಲಿಯ ಲಿಪಿಯಲ್ಲಿ, ಅಂದರೆ ಕನ್ನಡ ತೆಲುಗುಗಳ ಹಿರಿಯ ಲಿಪಿಯಲ್ಲಿ, ಇನ್ನೊಮ್ಮೆ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ. ಆಚಾರ್ಯ ತನ್ನ ಊರಿನ ಅಕ್ಷರ ಮರೆಯಲಾರದೆ ಹೋದನೆಂದು ಕಾಣುತ್ತದೆ. ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಲಿಪಿಕಾರ ಚಪಡನೂ ಹೀಗೆಯೇ ಮಾಡಿದ್ದ. ಎಲ್ಲ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನಷ್ಟೇ ವಾಯವ್ಯದ ಖರೋಷ್ಠಿಯಲ್ಲಿ ಕೊರೆದಿದ್ದಾನೆ.

ಪಟ್ಟದಕಲ್ಲಿನ ಕಂಬದ ಆ ಉತ್ತರದ ಲಿಪಿಯ ದಾಯಾದಿಯೇ ಜಪಾನಿಗೆ ಹೋದ 'ಸಿದ್ಧಂ'. ಹಳೆಯ ಶಾಸನಗಳ ಆರಂಭದಲ್ಲಿ 'ಸಿದ್ಧಂ' ಎಂದು ಬರೆಯುವುದು ಶುಭ. ಕದಂಬರ ತಾಳಗುಂದ ಶಾಸನವೂ ಹಾಗೆಯೇ ಶುರುವಾಗುತ್ತದೆ. 804ರಲ್ಲಿ ಚೀನಕ್ಕೆ ಹೋಗಿ 806ರಲ್ಲಿ ಮರಳಿದ ಕೂಕಾಯ್ ಎಂಬ ಜಪಾನಿ ಭಿಕ್ಷು ಅದನ್ನು ಕಲಿತು ತಂದು ತನ್ನ ಪಂಥದಲ್ಲಿ ಊರಿಸಿದ. ಇಂದಿಗೂ ಆ ಪಂಥದವರು ಸಮಾಧಿಯ ಹಿಂದೆ ನಿಲ್ಲಿಸುವ ಎತ್ತರದ ಹಲಗೆಯ ಮೇಲೆ ಐದು ಸಿದ್ಧಂ ಅಕ್ಷರಗಳಿರುತ್ತವೆ. ಮೇಲಿನಿಂದ ಕೆಳಕ್ಕೆ ಖ, ಹ, ರ, ವ, ಅ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು, ನಮ್ಮ ಪಂಚಭೂತಗಳು. ಹಲಗೆಗೆ 'ಸೊತೊಬಾ' ಎನ್ನುತ್ತಾರೆ, ಅದು ನಮ್ಮ 'ಸ್ತೂಪ'. ಉಲಿಗಾಗಿ ಹುಟ್ಟಿದ ನಮ್ಮ ಅಕ್ಷರ ಅಲ್ಲಿ ಕಾಂಜಿಯ ಸಹವಾಸಕ್ಕೆ ಬಿದ್ದು ಅರ್ಥ ಹೊತ್ತುಕೊಂಡು ನಿಂತಿದೆ. ಹೆಚ್ಚಿನ ಜಪಾನೀಯರಿಗೆ ಅದನ್ನು ಓದಲು ಬಾರದು. ಆಯಿಯಂತೆ ಅವರಿಗೂ ಅದರ ಭಾವ ಗೊತ್ತು.

ಅರ್ಥ ಹಿಡಿಯುವ ಲಿಪಿಗೆ ತೆರಬೇಕಾದ ಬೆಲೆ ಕಡಿಮೆಯದಲ್ಲ. 2020ರಿಂದ ಜಾರಿಯಲ್ಲಿರುವ ಪಠ್ಯಕ್ರಮದಂತೆ ಜಪಾನಿನ ಮಗು ಆರು ವರ್ಷಗಳ ಪ್ರಾಥಮಿಕ ಶಾಲೆಯಲ್ಲಿ 1,026 ಕಾಂಜಿ ಕಲಿಯಬೇಕು. ನಿತ್ಯಬಳಕೆಯ ಸರಕಾರಿ ಪಟ್ಟಿಯಲ್ಲಿ 2010ರಿಂದ 2,136 ಇವೆ. ಯುದ್ಧದಲ್ಲಿ ಸೋತ ಮೇಲೆ, 1946ರಲ್ಲಿ, ಅಮೆರಿಕದ ಶಿಕ್ಷಣ ನಿಯೋಗವೊಂದು ಇದನ್ನೆಲ್ಲ ಬಿಟ್ಟು ರೋಮನ್ ಅಕ್ಷರ ಹಿಡಿಯಿರಿ ಎಂದು ಸಲಹೆ ಮಾಡಿತ್ತು. ಅವರು ಕೆಲವನ್ನು ಸರಳ ಮಾಡಿಕೊಂಡರು, ಬಿಡಲಿಲ್ಲ. ನಮ್ಮ ಮಗು ಐವತ್ತರೊಳಗಿನ ಅಕ್ಷರ, ಕಾಗುಣಿತ, ಒತ್ತಕ್ಷರ ಕಲಿತರೆ ಯಾವ ಪುಸ್ತಕವನ್ನಾದರೂ ಗಟ್ಟಿಯಾಗಿ ಓದೀತು.

ಆದರೆ ಬಾದಾಮಿಯ ಬಂಡೆಯನ್ನು ಓದಲಾರದು. ನಾವು ತೆತ್ತ ಬೆಲೆ ಅದು. ಹೂವಿನ ಹೆಸರು 'ಪ'ದಿಂದ 'ಹ'ಕ್ಕೆ ಬದಲಾದಾಗ ಜಪಾನಿನಲ್ಲಿ ಹೂವಿನ ಕಾಂಜಿ ಅಲುಗಲಿಲ್ಲ. ಉಲಿಯನ್ನೇ ನೆಚ್ಚಿದ ನಾವು ಅಕ್ಷರವನ್ನೂ ಬದಲಿಸಬೇಕಾಯಿತು. ಱ ಮತ್ತು ೞ ಬಳಕೆ ತಪ್ಪಿಯೇ ಹೋದವು. ಆಕಾರಗಳೂ ನಿಲ್ಲಲಿಲ್ಲ. ಅಶೋಕನ ಬ್ರಾಹ್ಮಿಯಲ್ಲಿ 'ಕ' ಎಂದರೆ ಕೂಡಿಸುವ ಚಿಹ್ನೆ, 'ರ' ಎಂದರೆ ನೆಟ್ಟನೆಯ ಒಂದು ಕಡ್ಡಿ. ಕಡ್ಡಿ ಬಾಗಿ ಬಾಗಿ ದುಂಡಾಯಿತು, ತಲೆಗೆ ತಲೆಕಟ್ಟು ಬಂತು. 'ಠ' ಒಂದೇ ಹಟಮಾರಿ. ಅಂದು ಬರೀ ಸೊನ್ನೆಯಾಗಿತ್ತು. ಇಂದಿಗೂ ತಲೆಕಟ್ಟಿನ ಕೆಳಗೆ ಸೊನ್ನೆಯಾಗಿಯೇ ಕೂತಿದೆ. ನಾರಾ ಕಾಲದ ಶಿಲೆಯ ಮುಂದೆ ನಿಂತ ಇಂದಿನ ಜಪಾನಿ ವಿದ್ಯಾರ್ಥಿ ವ್ಯಾಕರಣ ತಿಳಿಯದಿದ್ದರೂ ಬಹುಪಾಲು ಅಕ್ಷರಗಳನ್ನು ಗುರುತು ಹಿಡಿಯುತ್ತಾನೆ. ಅದೇ ಕಾಲದ ಕಪ್ಪೆ ಅರಭಟ್ಟನ ಶಾಸನ ಬಾದಾಮಿಯ ಅಗಸ್ತ್ಯತೀರ್ಥದ ಮೇಲಿನ ಬಂಡೆಯಲ್ಲಿದೆ. ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳು ಅಲ್ಲಿವೆ. ಕೆಳಗೆ ಹೊಂಡದಲ್ಲಿ ಬಟ್ಟೆ ಒಗೆಯುವವರೂ, ಮೇಲೆ ಫೋಟೊ ತೆಗೆಯುವವರೂ, ಕನ್ನಡ ಎಂ.ಎ. ಮಾಡಿದವರೂ ಅದರ ಮುಂದೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಪಟ್ಟದಕಲ್ಲಿನ ಕಂಬವನ್ನು ಓದಿ ಪ್ರಕಟಿಸಿದ ಫ್ಲೀಟ್ ಸಾಹೇಬ ಮುಂಬೈ ಇಲಾಖೆಯ ಆಂಗ್ಲ ಅಧಿಕಾರಿ.

ದೊಡ್ಡ ಶಾಸನಗಳೇನೋ ಅಚ್ಚಾಗಿವೆ, ಸಂಪುಟಗಳಲ್ಲಿ ಕ್ಷೇಮವಾಗಿವೆ. ಬದುವಿನ ಕಲ್ಲುಗಳದು ಬೇರೆ ಮಾತು. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯಲು ಬಲ್ಲ ಒಬ್ಬರು ಬರುವವರೆಗೆ ಅವು ಕಾಯಬೇಕು. ಅಲ್ಲಿಯವರೆಗೆ ಅವು ಒಗೆಯುವ ಕಲ್ಲಾಗುತ್ತವೆ, ಹೊಸ್ತಿಲಾಗುತ್ತವೆ, ದನ ಕಟ್ಟುವ ಗೂಟವಾಗುತ್ತವೆ.

ಬನದ ಹುಣ್ಣಿಮೆಯ ಜಾತ್ರೆಗೆ ಊರಿಗೆ ಹೋದಾಗ ಆ ಹೊಲಕ್ಕೆ ಮತ್ತೆ ಹೋಗಿದ್ದೆ. ಆಯಿ ಈಗಿಲ್ಲ. ಕಲ್ಲಿದೆ. ಸೂರ್ಯಚಂದ್ರರಿಗೆ ಯಾರೋ ಅರಿಸಿನ ಕುಂಕುಮ ಹಚ್ಚಿದ್ದರು. ಕೆಳಗಿನ ಮೂರು ಸಾಲು ನುಣ್ಣಗಾಗಿ ಹೋಗಿದ್ದವು. ಹೊಲದವರನ್ನು ಕೇಳಿದೆ. 'ಕುಡಗೋಲ ಮಸಿಯಾಕ ಚಲೋ ಐತ್ರಿ ಇದು, ನಮ್ಮ ಮುತ್ಯಾನ ಕಾಲದಿಂದ ಇಲ್ಲೇ ಮಸೀತೀವಿ. ಮ್ಯಾಲಿಂದು ಮಾತ್ರ ಮುಟ್ಟಂಗಿಲ್ರಿ, ಅದು ದೇವ್ರು' ಎಂದರು. ಉಳಿದ ಸಾಲುಗಳ ಮೇಲೆ ನೀರು ಹೊಯ್ದು, ಬಿಸಿಲು ಓರೆಯಾಗುವವರೆಗೆ ಕಾದು ಫೋಟೊ ತೆಗೆದುಕೊಂಡೆ. ನನಗೆ ಗುರುತು ಸಿಕ್ಕಿದ್ದು ಎರಡು ಅಕ್ಷರ: ಒಂದು 'ಗ', ಒಂದು 'ಠ'.